ನಾಕನೇ ಜಿನ್ನು

ಹೆಸರು ಉಕ್ಕುಂದಮ್ಮ. ಗಂಡನ ಹೆಸರು ಬ್ಯಾಡ್ರಿ,
ಆತ ಈ ಕೇಸಿನ್ಯಾಗ ಇಲ್ಲ.
ಊರು ಇಲ್ಲೇ, ರಾಯಚೂರು, ಹತ್ತಿ ಮಾರ್ಕೆಟ್ಟಿನ ಹಿಂದ,
ಹಳಿ ದಾಟಿದ ಮ್ಯಾಲ ಮೂರನೇ ಸಂದಿ.
ಆಣಿ ಮಾಡೀನಿ. ಏನು ಕೇಳ್ತೀರೋ ಕೇಳ್ರಿ.

ಮಾಬಮ್ಮ ಗೊತ್ತೇನು ಅಂತೀರಿ.
ಆರು ಸುಗ್ಗಿ ಒಂದೇ ಸೆಡ್ಡಿನ್ಯಾಗ ಹತ್ತಿ ಹಾಕೀವ್ರಿ ಇಬ್ರೂ.
ಆಕಿ ಬುತ್ತಿ, ನನ್ನ ಬುತ್ತಿ, ಒಂದೇ ಮೊಳಿಗೆ.
ಸಂಜಿಗೆ ಹೊರಗ ಬಂದ್ರ ಇಬ್ರ ತಲಿನೂ ಬೆಳ್ಳಗ,
ಒಬ್ರದೊಬ್ರು ಅರಳಿ ಆರಿಸಿ ತೆಗೀತಿದ್ವಿ,
"ಮುದುಕಿ ಆದ್ಯಲ್ಲಬೇ" ಅಂತ ನಗತಿದ್ವಿ.

ಹಾಜರಿ ಪುಸ್ತಕದಾಗ ಹೆಸರಿಲ್ಲ ಅಂದ್ರು ಇವರು.
ಯಾವ ಪುಸ್ತಕ ತಂದಾರ?
ಅಲ್ಲಿ ಎರಡದಾವ್ರಿ.
ಒಂದು ಇನ್ಸ್‌ಪೆಕ್ಟರ್ ಬಂದಾಗ ಬೀರೂನಿಂದ ಇಳೀತೈತಿ
ಹೊಸಾ ಮದಲಗಿತ್ತಿ ಹಂಗ, ಮೈಮ್ಯಾಲ ಒಂದೆಳಿ ಅರಳಿ ಇಲ್ಲ.
ಇನ್ನೊಂದು ಮುನೀಮರ ಅಂಗಿ ಬಗಲಾಗ,
ಬೆವರಿಗೆ ತೊಯ್ದು ಹಾಳಿಗೆ ಹಾಳಿ ಅಂಟೈತಿ.
ಅದರಾಗ ಹುಡುಕ್ರಿ. ಮಾಬಮ್ಮ ಅಂತ ಇರಂಗಿಲ್ಲ,
"ನಾಕು" ಅಂತ ಇರತೈತಿ.
ನಾ ಅವಾಗ ಏಳು.

ಆ ದಿನ ಶನಿವಾರ. ಗೇಟಿಗೆ ಲಾರಿ ನಿಂತಿತ್ತು.
ರೋಲರಿಗೆ ಕಾಯಿ ಸಿಪ್ಪಿ ಸಿಕ್ಕಿತ್ತು.
ಬಂದ್ ಮಾಡಿದ್ರ ಮತ್ತ ಪಟ್ಟಾ ಏರಸಾಕ ಅರ್ಧ ತಾಸು.
"ಬಂದ್ ಮಾಡಬ್ಯಾಡ, ಕೈಲೇ ತೆಗಿ" ಅಂದ ಮೇಸ್ತ್ರಿ.
ಅಷ್ಟು ಸಪ್ಪಳದಾಗ ನಿನಗ ಹೆಂಗ ಕೇಳ್ತು ಅಂತೀರೇನು ವಕೀಲ್ರ?
ಕಿವಿಯಿಂದ ಯಾರು ಕೇಳ್ತಾರ್ರಿ ಅಲ್ಲಿ,
ತುಟಿ ನೋಡಿ ಕೇಳ್ತೀವಿ ನಾವು.

ಆಕಿ ಚೀರಿದ್ದು ನನಗ ಕೇಳಲಿಲ್ಲ.
ನಾ ತಿರುಗಿ ನೋಡಿದ್ದಿಲ್ಲ ಆ ಕಡಿ.
ಅರಳಿ ಕೆಂಪಾಗಿ ಬಂತು.

ಎರಡು ಬೆರಳಿಗೆ ನೂರಕ್ಕ ಇಪ್ಪತ್ತಂತ.
ಕಾಯ್ದೆದಾಗ ಪಟ್ಟಿನೇ ಐತೆಂತ, ತುದಿಗಿಷ್ಟು, ಗೆಣ್ಣಿಗಿಷ್ಟು.
ಇರಲಿ. ಬರದವರು ಬರದಾರ, ಅಷ್ಟರ ಕೊಡಸ್ರಿ.
ಮನ್ನಿ ಆಕಿ ಬಡದ ರೊಟ್ಟಿ ತಿಂದೆ.
ಒಂದು ಬಾಜು ದಪ್ಪ, ಹಂಚಿನ ಮ್ಯಾಲ ಉಬ್ಬಲಿಲ್ಲ,
ನಡುವ ಹಸಿ.
"ಹೆಂಗಾಗ್ಯಾವ" ಅಂದ್ಲು. "ಚಲೋ ಆಗ್ಯಾವ" ಅಂದೆ.
ಆಣಿ ಮಾಡಿದ್ದು ಇವತ್ತರೀ, ಅವತ್ತಲ್ಲ.

ಮಾಲಕರು ಐದು ಸಾವಿರ ಕೊಟ್ಟಾರ, ಖರೆ.
ಖಾಲಿ ಹಾಳಿ ಮ್ಯಾಲ ಹೆಬ್ಬಟ್ಟು ಒತ್ತಿಸ್ಕೊಂಡದ್ದೂ ಖರೆ,
ಎಡಗೈದು, ಬಲಗೈ ತುಂಬ ಬ್ಯಾಂಡೇಜ್ ಇತ್ತಲ್ಲ.
ಧರ್ಮಕ್ಕ ಕೊಟ್ಟೀವಿ ಅಂತಾರೀಗ.
ಆಳೇ ಅಲ್ಲ, ಮಾರಿನೇ ನೋಡಿಲ್ಲ ಅಂದವರು
ದವಾಖಾನಿ ತನಕ ಹುಡುಕ್ಕೊಂಡು ಹೋಗಿ
ಯಾರಿಗೆ ಕೊಟ್ರು ಆ ಧರ್ಮ?

ಈಗ ನಾಕನೇ ಜಿನ್ನಿಗೆ ಯಾರದಾರ?
ನಾನ.
ಅರಿವಿಲೇ ರೋಲರ್ ಒರಸಿ, ಮರುದಿನಾನ ನಿಲ್ಲಿಸಿದ್ರು.
ಜಾಳಗಿ ಇನ್ನಾ ಹಚ್ಚಿಲ್ಲ.
ಹಂಗಾಗಿ ನೋಡ್ರಿ, ಮುನೀಮರ ಆ ಪುಸ್ತಕದಾಗ
"ನಾಕು" ಒಂದು ದಿನಾನೂ ಸುಟ್ಟಿ ಮಾಡಿಲ್ಲ.

ಮತ್ತೇನರ ಕೇಳೋದೈತೇನು?
ಇಲ್ಲಂದ್ರ ಇದೊಂದು ಬರ್ಕೋರಿ:
ಸಾಕ್ಷಿಗೆ ಬಂದದ್ದಕ್ಕ ಇವತ್ತಿನ ಕೂಲಿ ಹೋತು.
ನಾಳಿದು
ಗೇಟಿಗೆ ಹೋದ ಮ್ಯಾಲ ತಿಳೀತೈತಿ.