ಕೇಳಿಸದ ಕೈ

ಸಿದ್ದಾಪುರದಲ್ಲಿ, ಕರಿಮೆಣಸಿನ ಮಂಡಿಯ ಮೇಲೆ ನನ್ನ ಕೋಣೆ.
ಟಿಫಿನ್ ಡಬ್ಬಿಗಿಂತ ತುಸು ದೊಡ್ಡದೊಂದು ಲೋಹದ ಪೆಟ್ಟಿಗೆ,
ಮೈತುಂಬ ತಿರುಗುಗುಂಡಿ, ಬಲಕ್ಕೆ ಮೂವತ್ತೆರಡು ತೂತು.
ಪರದೆಯಿಲ್ಲ. ನೆನಪೂ ಇಲ್ಲ ಇದಕ್ಕೆ.
ಇವತ್ತು ಸಿಕ್ಕ ದನಿ ನಾಳೆಗೆ ಬೇಕಿದ್ದರೆ
ಯಾವ ಗುಂಡಿ ಎಷ್ಟು ಗಂಟೆಗೆ ನಿಂತಿತ್ತೆಂದು
ತೂಕದ ಚೀಟಿಯ ಬೆನ್ನಿಗೆ ಬರೆದಿಡಬೇಕು.
‘ಫಿಲ್ಟರ್ ಹತ್ತೂವರೆ. ಅಲೆ ಎರಡಕ್ಕೆ ಸ್ವಲ್ಪ ಮುಂಚೆ.’
ಓದಿದವರು ವಿರಾಜಪೇಟೆ ಬಸ್ಸೆಂದುಕೊಂಡಾರು.

ಫಿಲ್ಟರ್ ಅಂದರೇನೆಂದು ಈ ಊರಲ್ಲಿ ಯಾರಿಗೂ ಹೇಳಬೇಕಿಲ್ಲ:
ಚೂಪು ದನಿಯೆಲ್ಲ ಚರಟವಾಗಿ ಮೇಲೆ,
ದಪ್ಪದ್ದು ತೊಟ್ಟಿಕ್ಕುತ್ತದೆ ಕೆಳಗೆ.

ಡಿಸೆಂಬರಿನ ಚಳಿಗೆ ಶ್ರುತಿ ಜಾರುತ್ತದೆ.
ಇಪ್ಪತ್ತು ನಿಮಿಷ ಬಿಸಿಯಾಗಲೆಂದು ಬಿಟ್ಟು
ಕಿಟಕಿಯಲ್ಲಿ ನಿಲ್ಲುತ್ತೇನೆ. ಆಚೆ ಕಣದಲ್ಲಿ
ರುಕಿಯಾ ಒಣ ಕಾಫಿಯನ್ನು ಹಲಗೆಯಿಂದ ಎಳೆಯುತ್ತಿದ್ದಾಳೆ.
ಏರು, ಇಳಿ, ನಿಲುವು, ಬಿಡುವು:
ನಾಲ್ಕು ಗುಂಡಿಯಲ್ಲಿ ನಾನು ಅರ್ಧ ದಿನ ಹುಡುಕಿದ್ದು
ಅವಳ ಒಂದು ಎಳೆತದಲ್ಲಿತ್ತು.

ತಂತಿ ಚುಚ್ಚದಿದ್ದರೂ ನುಡಿಯುತ್ತದೆ ಈ ಪೆಟ್ಟಿಗೆ.
ಕಟ್ಟಿದವನು ಒಳಗೇ ದಾರಿ ಹಾಕಿಟ್ಟಿದ್ದಾನೆ.
ನಾನೊಂದು ತಂತಿ ಚುಚ್ಚಿದೆನೋ, ಅವನ ದಾರಿ ಕಡಿದು
ನನ್ನದು ಶುರು.
ತೋಟದ ಬೇಲಿಗೆ ಆನೆ ಮಾಡುವುದೂ ಇದನ್ನೇ.

ಆನೆಯೇ ಬೇಕಿತ್ತು ನನಗೂ.
ಪಾಲಿಬೆಟ್ಟದ ಶಾಲೆಯ ನಾಟಕಕ್ಕೆ, ದೇಚಮ್ಮ ಟೀಚರು ಹೇಳಿದ್ದರು:
‘ಆನೆ ಬರೋ ಸದ್ದು. ಜೋರಾಗಿರಲಿ.’
ಗರಗಸದ ಅಲೆ ತೆಗೆದು, ಗಂಟಲು ಬಿಗಿದು, ಮೇಲಕ್ಕೆ ಜಾರಿಸಿ
ಮೂರು ರಾತ್ರಿಗೆ ಒಂದು ಘೀಳು ಸಿದ್ಧವಾಯಿತು.
ಕೇಳಿಸಿದ್ದು ಕಾಳಿಂಗನಿಗೆ.
ಎಂಟು ವರ್ಷದಿಂದ ಆನೆ ಕಾಯುವ ತಂಡದಲ್ಲಿರುವವನು
ನಕ್ಕ, ಟೀ ಚೆಲ್ಲಿತು.
‘ಇದು ಪಿಚ್ಚರ್ ಆನೆ ಅಕ್ಕ.
ಹೆದರಿದಾಗ ಕೂಗ್ತದೆ. ಬರುವಾಗ ಎಲ್ಲಿ ಕೂಗ್ತದೆ?’
‘ಮತ್ತೆ ಬರುವಾಗ?’
ಸ್ವಲ್ಪ ಯೋಚಿಸಿ ಅಂಗೈಯನ್ನು ಎದೆಗೂಡಿನ ಕೆಳಗಿಟ್ಟ.
‘ಇಲ್ಲಿ. ಜೀರುಂಡೆ ನಿಲ್ತದೆ, ಆಮೇಲೆ ಇಲ್ಲಿ.’

ಇಳಿಸಿದೆ. ಮಂದ್ರದಿಂದ ಇನ್ನೂ ಕೆಳಕ್ಕೆ.
ಸ್ವರವು ಸ್ವರವಾಗಿ ಉಳಿಯಲಾರದೆ
ದಾರ ಕಿತ್ತ ಮಣಿಸರದಂತೆ ಬಿಡಿಬಿಡಿಯಾಗಿ ಉದುರಿತು,
ಟಕ್, ಟಕ್, ಟಕ್.
ಅಲೆಯ ಹಲ್ಲು ಉಜ್ಜಿ ನುಣುಪು ಮಾಡಿದೆ.
ಈಗ ಅದೂ ಇಲ್ಲ.
ಮದುವೆ ಮೈಕ್‌ಸೆಟ್ಟಿನ ಹಳೆಯ ಸ್ಪೀಕರಿನಲ್ಲಿ ಕಾಗದ ಮಾತ್ರ
ಮಲಗಿದವರ ಹೊಟ್ಟೆಯಂತೆ ಏರುತ್ತಿತ್ತು, ಇಳಿಯುತ್ತಿತ್ತು.
ಕಾಳಿಂಗ ಅದರ ಹತ್ತಿರ ಕೈ ಹಿಡಿದ. ಮುಟ್ಟಲಿಲ್ಲ.

ಇನ್ನೊಂದು ಅಲೆಯಿಂದ ಜೀರುಂಡೆ ಮಾಡಿದೆ, ಅದು ಸುಲಭ.
ಹಳದಿ ತಂತಿಯ ಒಂದು ತುದಿ ಆ ಕೇಳಿಸದ್ದಕ್ಕೆ,
ಇನ್ನೊಂದು ಜೀರುಂಡೆಯ ಕೊರಳಿಗೆ.
ಕತ್ತಲಲ್ಲಿ ಯಾರೋ ಗುಂಡಿ ತಿರುಗಿಸಿದ ಹಾಗೆ
ಜೀರುಂಡೆ ಮಬ್ಬಾಯಿತು. ಬಂತು. ಮತ್ತೆ ಮಬ್ಬಾಯಿತು.
ಒಮ್ಮೆ ಬರಲೇ ಇಲ್ಲ.
ಕಾಳಿಂಗ ಕಿಟಕಿಯತ್ತ ನೋಡಿದ.
ಅಷ್ಟರಲ್ಲಿ ಅವನ ಫೋನು: ಮಾಲ್ದಾರೆ ಕಡೆ, ಮೂರು, ಒಂದು ಮರಿ.
ಟಾರ್ಚು ಹಿಡಿದು ಮೆಟ್ಟಿಲಿಳಿದ. ಲೋಟ ಅಲ್ಲೇ.

ಚೀಟಿಗೆ ಬರೆಯಲು ಹೋದರೆ ಗುಂಡಿಗಳೆಲ್ಲ
ಗಂಟೆಗಂಟೆಗಳ ನಡುವೆ ನಿಂತಿವೆ, ಬರೆಯಲು ಬರುವುದಿಲ್ಲ.
ಒಂಬತ್ತು ದಿನ ಒಂದು ತಂತಿಯನ್ನೂ ಕೀಳಲಿಲ್ಲ.
ಪೆಟ್ಟಿಗೆಯ ಮೇಲೆ ಅನ್ನದ ಬುಟ್ಟಿ ಕವುಚಿ ಮಲಗಿದೆ.
ಜೀಪಿನಲ್ಲಿ ಬಿಸಿ ಪಾತ್ರೆಯಂತೆ
ತೊಡೆಯ ಮೇಲಿಟ್ಟುಕೊಂಡು ಹೋದೆ, ತಿರುವಿಗೊಮ್ಮೆ
ಡ್ರೈವರ್ ಅಬ್ಬಾಸನನ್ನು ಬೈಯುತ್ತ.

ನಾಟಕದ ನಡುವೆ, ಪರದೆಯ ಹಿಂದೆ,
ದೇಚಮ್ಮ ಟೀಚರು ನನ್ನ ಭುಜ ತಟ್ಟಿದರು:
‘ಎಲ್ರೀ ಆನೆ? ಏನೂ ಕೇಳ್ತಿಲ್ಲ!’
ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ.
ಮುಂದಿನ ಚಾಪೆಯಲ್ಲಿ, ಕಾಫಿತೋಟದ ಲೈನ್‌ಮನೆಯ
ಹುಡುಗಿಯೊಬ್ಬಳು
ವೇದಿಕೆಯತ್ತ ನೋಡದೆ, ಬಾಗಿಲತ್ತ ತಿರುಗಿ
ಮೆಲ್ಲಗೆ
ತಮ್ಮನ ಬಾಯಿಗೆ ಕೈ ಅಡ್ಡ ಹಿಡಿದಳು.