ಬಲಗಿವಿ

ಬೈತಖೋಲಕ್ಕೆ ಇಳಿಯುವ ತಿರುವಿನಲ್ಲಿ
ಪುಂಡಲೀಕ ಮ್ಹಾಳೆಯ ಸೆಲೂನು.
ಒಂದು ಕುರ್ಚಿ, ಎರಡು ಕನ್ನಡಿ, ಸವೆದ ಪಟಿಕದ ಕಲ್ಲು,
ಮತ್ತೆ ಅವಳು.

ಯಾವುದೋ ಹಡಗಿನವನು ಕ್ಷೌರದ ದುಡ್ಡಿಗೆ ಬದಲಾಗಿ
ಬಿಟ್ಟುಹೋದ ಕ್ಯಾಲೆಂಡರು.
ತಿಂಗಳುಗಳೆಲ್ಲ ಹರಿದು ಮುಗಿದು
ಅವಳೊಬ್ಬಳೇ ಉಳಿದಿದ್ದಳು ಗೋಡೆಗೆ.
ಕೆಂಪು ಲಂಗ, ಬಿಳಿ ಬೊಟ್ಟು, ಎತ್ತರದ ಸ್ಟೂಲು,
ಲಂಗದ ಅಂಚು ಮೊಳೆಗೆ ಸಿಕ್ಕಿದ್ದು ಆಗಷ್ಟೇ ಗೊತ್ತಾದ ಹಾಗೆ
ಬಾಯಿ ದುಂಡಗೆ.
ಕಿವಿಯ ಹತ್ತಿರ ಕರಿಯದೊಂದು ಹಿಡಿ,
ಏನೆಂದು ನನಗಾಗ ತಿಳಿಯದು.

ತಮ್ಮನ ಕೂದಲು ತೆಗೆಸಲು ಕರೆದೊಯ್ಯುತ್ತಿದ್ದೆ. ನನಗೆ ಒಂಬತ್ತು.
ಹೆಣ್ಣುಮಗು ಬಂತೆಂದು ಮ್ಹಾಳೆ ಮಾಮ
ಅವಳ ಸೊಂಟದಿಂದ ಕೆಳಕ್ಕೆ ಟವೆಲು ಇಳಿಬಿಡುತ್ತಿದ್ದ.
ಬೆಂಚಿನ ಗಂಡಸರು ಟವೆಲನ್ನೇ ನೋಡುತ್ತಿದ್ದರು.
ನಾನು ಅವಳ ಕಿವಿ.

ಎಡಗಿವಿಯಲ್ಲಿ ಓಲೆ,
ಅಬ್ಬಲಿಗೆ ಬಣ್ಣದ ಗಾಜು, ಸುತ್ತ ಬೆಳ್ಳಿ ಎಸಳು.
ಬಲಗಿವಿ ಬೋಳು.
ಚಿತ್ರ ಬರೆದವನ ಮರೆವು ಅಂದುಕೊಂಡು
ಮನೆಗೆ ಬಂದು, ಸ್ಲೇಟಿನಲ್ಲಿ ಅವಳಿಗೊಂದು ಓಲೆ ಬರೆದುಕೊಟ್ಟೆ.
ರಾತ್ರಿ ಲೆಕ್ಕ ಬರೆಯಲು ಒರೆಸಬೇಕಾಯಿತು.

ಹತ್ತೊಂಬತ್ತಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ.
ಮೊದಲ ದಿನವೇ ಎರ್ಮೆಲಿಂಡಾ ಬಾಯಿ ನನ್ನ ಬಲಗಿವಿ ಹಿಂಡಿ,
"ಇದನ್ನು ಬಿಚ್ಚಿಡು ಬಾಯೆ, ಇಲ್ಲದಿದ್ದರೆ ಹುಬ್ಬಳ್ಳಿ ಚುಚ್ಚುತ್ತದೆ."
ಹೆಡ್‌ಸೆಟ್ಟಿಗೆ ಬೇಕಾದ್ದು ಒಂದೇ ಕಿವಿ.
ಪೌಡರ್ ಡಬ್ಬಿಯ ಮುಚ್ಚಳದಲ್ಲಿ ಏಳು ಜನರ ಬಲಗಿವಿಗಳು:
ಬೆಂಡೋಲೆ, ಮುತ್ತಿನ ಕುಡುಕು, ಝುಮಕಿ,
ಒಬ್ಬಳದು ಬರೀ ದಾರ.

ಮಡಗಾಂವಿಗೆ ಕುಮಟೆಯನ್ನು ಜೋಡಿಸುತ್ತಿದ್ದೆ ಒಂದು ಮಧ್ಯಾಹ್ನ.
ಥಟ್ಟನೆ ಕಂಡಿತು.
ಅವಳು ಫೋನಿನಲ್ಲಿದ್ದಳು!
ಮರೆತಿರಲಿಲ್ಲ ಚಿತ್ರದವನು.
"ಅಯ್ಯೋ" ಅಂದೆ, ಲೈನಿನಲ್ಲೇ.
"ಯಾರು ಹೋದರು?" ಅಂತ ಕುಮಟೆಯವ ಅಳುವುದಕ್ಕೇ ತಯಾರಾದ.

ಅಂದಿನಿಂದ ಒಂಟಿ ಓಲೆ ಕೂಡಿಸುತ್ತೇನೆ.
ಜೋಡಿಯನ್ನು ಯಾರು ಬೇಕಾದರೂ ಕೊಳ್ಳುತ್ತಾರೆ.
ಗಜಾನನ ರಾಯ್ಕರ ಕರಗಿಸುವ ಡಬ್ಬಿ ನನ್ನೆದುರು ಸುರಿದು,
"ಇದು ಹಿತ್ತಾಳೆ ಅಕ್ಕ, ಇದು ಗಾಜು,
ಇದಕ್ಕೆ ನೀರು ಮಾತ್ರ ಚಿನ್ನದ್ದು" ಅನ್ನುತ್ತಾನೆ,
ತೂಗದೆ ಕೊಡುತ್ತಾನೆ.
ತಿರುಪಿನ ಗೋವೆ ಓಲೆ, ಪೋರ್ಚುಗೀಸರ ಕಾಲದ್ದಂತೆ,
ಅವನು ಹೇಳಿದ್ದು, ನಾನು ನಂಬಿಲ್ಲ.
ಬಿಣಗಾದ ಮೀನಿನ ಸುಶೀಲ ಬುಟ್ಟಿಯಡಿ ಸಿಕ್ಕಿತೆಂದು ತಂದ ನೀಲಿ ಹರಳು,
ಮೂರು ಸಲ ಸೀಗೆಯಲ್ಲಿ ತೊಳೆದರೂ ಬಂಗಡೆ.
ಕಿವಿ ಚುಚ್ಚಿಸದವರ ಕ್ಲಿಪ್ಪು ಒಂದು,
ಏಡಿಯ ಹಾಗೆ ಕಚ್ಚುತ್ತದೆ.
ಇನ್ನೂರ ಹದಿನಾಲ್ಕು, ಬಿಸ್ಕತ್ತಿನ ಡಬ್ಬಿಗಳಲ್ಲಿ, ಹತ್ತಿಯ ಮೇಲೆ.
ಅಬ್ಬಲಿಗೆ ಗಾಜಿನದು ಮಾತ್ರ
ಎಲ್ಲೂ ಇಲ್ಲ.

ಕಳೆದ ವಾರ ಮ್ಹಾಳೆಯ ಮೊಮ್ಮಗ ಸೆಲೂನಿಗೆ ಏಸಿ ಹಾಕಿಸಿದ.
ಸುರುಳಿ ಸುತ್ತಿ ತಂದು, ನೆಲ ನೋಡುತ್ತ ಕೊಟ್ಟ,
"ಅಜ್ಜಿ, ನೀವು ಕೇಳುತ್ತಿದ್ದಿರಂತೆ."

ಮೇಜಿನ ಮೇಲೆ ಬಿಡಿಸಿ ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟೆ.
ಕೆಂಪು ಈಗ ಹಳೆಯ ಕೋಕಂ ನೀರಿನ ಬಣ್ಣ.
ಬಾಯಿ ಇನ್ನೂ ದುಂಡಗೆ.
ನಾನು ಎಂದೂ ನೋಡಿರದ ಕೆಳಗಿನರ್ಧದಲ್ಲಿ
ಮೊಣಕಾಲಿನ ಪಕ್ಕ, ಲಂಗದ ಮಡಿಲಲ್ಲಿ,
ಎಡಗೈಯ ಎರಡು ಬೆರಳ ನಡುವೆ
ಅಬ್ಬಲಿಗೆ ಗಾಜು, ಬೆಳ್ಳಿ ಎಸಳು.

ಇಡೀ ಬಂದರಿನ ಗಂಡಸರು ಕಣ್ಣು ನೆಟ್ಟ ಜಾಗದಲ್ಲಿ
ಯಾರಿಗೂ ಕಾಣದೆ ಕೂತಿತ್ತು.

ಎದ್ದು ಕನ್ನಡಿಗೆ ಹೋದೆ.
ನನ್ನ ಎಡಗಿವಿಯ ತೂತು ಭಾರ ಹೊತ್ತು ಹೊತ್ತು
ಜೋತು ಗೆರೆಯಾಗಿದೆ.
ಬಲಗಿವಿಯದು ಇನ್ನೂ ಹುಡುಗಿಯ ಚುಕ್ಕೆ.

ಮರಳಿ ಬಂದು ಅವಳೆದುರು ಕೂತೆ.
ಆಚೆ ಕಡೆ ಯಾರಿದ್ದಾರೋ,
ಲೈನು ಕೊಟ್ಟವಳು ನಾನಲ್ಲ.
ಆದರೂ ರೂಢಿ ಬಿಡುವುದಿಲ್ಲ, ಕೇಳಿಯೇಬಿಟ್ಟೆ:
ಮೂರು ನಿಮಿಷ ಆಯಿತು,
ಮುಂದುವರಿಸಲೆ?