ಕುಳ್ಳ ಕಂಬಕ್ಕೆ ಮಣೆ

ಕೈರವಾನಿಗೆ ಎತ್ತಿನ ಗಾಡಿಯಲ್ಲಿ ಬಂದವು
ಕಾರ್ತೇಜಿನ ಕಂಬಗಳು:
ಗುಡಿಯದೊಂದು, ರೋಮನರ ಸ್ನಾನದ ಮನೆಯದೊಂದು,
ಯಾರದೋ ಇಗರ್ಜಿಯದೊಂದು.
ಒಂದರೆತ್ತರ ಇನ್ನೊಂದಕ್ಕಿಲ್ಲ.

ದೊನಾತ ನೂಲು ಹಿಡಿದು ಗೊಣಗಿದ:
"ಉದ್ದದ್ದನ್ನು ಕಡಿದರಾಯ್ತು."
ಮೇಸ್ತ್ರಿ ಹುಬೈಶ ನಕ್ಕ:
"ಮನೆಗೆ ಬಂದವರ ಕಾಲು ಕತ್ತರಿಸುತ್ತಾರೇನೋ?
ಕುಳ್ಳರಿಗೆ ಮಣೆ ಹಾಕು."

ಹಾಕಿದ.
ಒಂದಕ್ಕೆ ಗೇಣುದ್ದ, ಒಂದಕ್ಕೆ ನಾಲ್ಕೇ ಬೆರಳು.
ಏಳನೆಯ ಸಾಲಿನಲ್ಲಿ
ಹಗ್ಗ ಬಿಗಿದು ಕಂಬ ಎತ್ತುವಾಗ
ಅಂಗೈಗೆ ಸಿಕ್ಕಿತು ಒಂದು ಕಚ್ಚು,
ಎಣ್ಣೆ ಕುಡಿದು ನುಣುಪಾದದ್ದು.
ಇಗರ್ಜಿಯಲ್ಲಿ ದೀಪ ಹಚ್ಚಿ ಅಜ್ಜಿ
ಬೆರಳು ಒರೆಸುತ್ತಿದ್ದುದು ಇದಕ್ಕೇ.
ಬೈಯುತ್ತಿದ್ದ ಪಾದ್ರಿಯ ಹೆಸರೂ ನೆನಪಾಯಿತು.

ಕಚ್ಚನ್ನು ಗೋಡೆಯ ಕಡೆ ತಿರುಗಿಸಿದ,
ಮತ್ತೆ ಬೆಳಕಿನ ಕಡೆಗೆ.
ಮಣೆ ಎರಡು ಬೆರಳು ಹೆಚ್ಚಾಯಿತು,
ಕಮಾನು ತುಸು ವಾರೆಯಾಗಿ ಕೂತಿತು.

ಹುಬೈಶ ತೂಗುಗುಂಡು ಇಳಿಬಿಟ್ಟು ನೋಡಿದ.
ನೂಲು ಸುತ್ತಿ ಸೊಂಟಕ್ಕೆ ಸಿಕ್ಕಿಸಿ
ಎಂಟನೆಯ ಸಾಲಿಗೆ ನಡೆದ.